ಗಾಜಣ್ಣನ ಆರು ಮುಚ್ಚಳಗಳು

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಆಮೆಗೆ ಹಿಂಗಾಲು ಎತ್ತಲು ಆಗಲಿಲ್ಲ.

ಮೊದಲು ನೋಡಿದ್ದು ಮನೆಯಾಕೆ. ಹೆಚ್ಚಿದ ಸೊಪ್ಪಿನ ತಟ್ಟೆ ಹಿಡಿದು ಗಾಜಿನ ಪೆಟ್ಟಿಗೆಯ ಮುಚ್ಚಳ ಸರಿಸಿದಾಗ ಆಮೆ ಎಂದಿನಂತೆ ಮುಂದೆ ಬರಲು ನೋಡಿತು. ಮುಂಗಾಲುಗಳು ಮಣ್ಣು ಕೆರೆದವು. ಹಿಂಗಾಲುಗಳು ಒದ್ದೆ ಬಟ್ಟೆಯ ಹಾಗೆ ಹಿಂದೆಯೇ ಉಳಿದವು. ಹೊಟ್ಟೆ ನೆಲ ಬಿಡಲಿಲ್ಲ. ಒಂದು ಗೇಣು ದೂರ ಬರಲು ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಬಂದ ಮೇಲೂ ಸೊಪ್ಪಿಗೆ ಬಾಯಿ ಹಾಕಲಿಲ್ಲ.

ಈ ಮನೆ ಇರುವುದು ಒಂದು ಗಾಜಿನ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಂಗಡಿಯೂ ಇವರದೇ. ಯಜಮಾನರನ್ನು ಬೀದಿಯವರೆಲ್ಲ ಗಾಜಣ್ಣ ಎಂದೇ ಕರೆಯುತ್ತಾರೆ. ಅವರ ನಿಜವಾದ ಹೆಸರು ಈಗ ವಿದ್ಯುತ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಕಿಟಕಿ, ಕನ್ನಡಿ, ಅಂಗಡಿಗಳ ಮುಂಭಾಗ, ಮೀನಿನ ತೊಟ್ಟಿ, ಎಲ್ಲವನ್ನೂ ಇಪ್ಪತ್ತಾರು ವರ್ಷಗಳಿಂದ ಅವರೇ ಕತ್ತರಿಸಿ ಅವರೇ ಕೂರಿಸುತ್ತಾರೆ. ಅಂಚು ಕೈ ಕೊಯ್ಯಬಾರದು, ಸಂದು ಕಣ್ಣಿಗೆ ಕಾಣಬಾರದು ಎಂಬುದು ಅವರ ಕೆಲಸದ ನೇಮ.

ಹೆಂಡತಿ ಕರೆದಾಗ ಅವರು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದರು. ಹಾಗೆಯೇ ಬಂದು ನೋಡಿದರು.

"ಆಮೆ ಓಡಿದ್ದನ್ನ ಯಾವತ್ತು ನೋಡಿದ್ದೆ ನೀನು?" ಎಂದರು.

"ಓಡೋದು ಬೇಡ ರೀ. ಎದ್ದು ನಿಂತ್ರೆ ಸಾಕು."

ಗಾಜಣ್ಣನ ತಾಯಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಈ ಆಮೆಗೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದು ಅವರೇ. ದಿನವಿಡೀ ಪೆಟ್ಟಿಗೆಯ ಅಂಚಿನಲ್ಲೇ ತಿರುಗುತ್ತ, ಒಂದೊಂದು ಮೂಲೆಯಲ್ಲೂ ನಿಂತು, ಕೆಲಸದಲ್ಲಿ ಏನೋ ಲೋಪ ಕಂಡವನ ಹಾಗೆ ಕತ್ತೆತ್ತಿ ನೋಡುತ್ತಿತ್ತು ಎಂದು ಆ ಹೆಸರು. ಅವರು ಮಗನ ಕಡೆ ತಿರುಗದೆಯೇ ಹೇಳಿದರು: "ಮೇಸ್ತ್ರಿ ನಾಲ್ಕು ದಿನದಿಂದ ಮೂಲೆಗೇ ಹೋಗಿಲ್ಲ ಕಣೋ. ನನ್ ಮಂಡಿ ಥರಾನೇ ಆಗಿದೆ ಅದಕ್ಕೂ."

ಆಮೆ ಈ ಮನೆಗೆ ಬಂದು ಹದಿನಾರು ತಿಂಗಳಾಗಿತ್ತು. ಗಾಜಣ್ಣನ ಹೆಂಡತಿ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಊರು ಬಿಡುವಾಗ ಎಂಟು ತಿಂಗಳ ಮರಿಯನ್ನು ಇವರಿಗೆ ಒಪ್ಪಿಸಿದ್ದರು. ಸಾಕಾಣಿಕೆ ಕೇಂದ್ರದ ರಸೀದಿ, ಸಾಕಲು ಕೊಟ್ಟ ಅನುಮತಿ ಪತ್ರ, ಎರಡೂ ಜೊತೆಗಿದ್ದವು. ನೀರಿನಲ್ಲಿ ಈಜುವ ಜಾತಿಯಲ್ಲ, ನೆಲದ ಮೇಲೆ ನಡೆಯುವ ಆಮೆ. ಮನೆಯೊಳಗೆ ಅದಕ್ಕೊಂದು ಜಾಗ ಬೇಕಾಯಿತು. ಗಾಜಿನ ಕೆಲಸದವರ ಮನೆಯಲ್ಲಿ ಅದಕ್ಕೇನು ಬರ.

ಮೂರು ಭಾನುವಾರ ಕೂತು ಗಾಜಣ್ಣ ಪೆಟ್ಟಿಗೆ ಮಾಡಿದರು. ನಾಲ್ಕಡಿ ಉದ್ದ, ಎರಡಡಿ ಅಗಲ. ತಳಕ್ಕೆ ಮಣ್ಣು, ಒಂದು ಬದಿಗೆ ಚಪ್ಪಟೆ ಕಲ್ಲು, ಇನ್ನೊಂದು ಬದಿಗೆ ಅಡಗಲು ಒಡೆದ ಹೂಕುಂಡ. ಪಕ್ಕದಲ್ಲಿ ಕೈ ಹಾಕಲು ಒಂದು ಸಣ್ಣ ಬಾಗಿಲು, ಮೇಲೆ ಮುಚ್ಚಳ. ಮುಚ್ಚಳಕ್ಕೆ ಅವರು ಬಳಸಿದ್ದು ಅಂಗಡಿಯಲ್ಲಿ ಉಳಿದಿದ್ದ ದುಬಾರಿ ಗಾಜು: ಎರಡು ಗಾಜಿನ ನಡುವೆ ಪಾರದರ್ಶಕ ಹಾಳೆಯಿಟ್ಟು ಒತ್ತಿದ ಲ್ಯಾಮಿನೇಟೆಡ್ ಗಾಜು. ಅಂಚನ್ನು ಅವರು ಎಷ್ಟು ನಯವಾಗಿ ಉಜ್ಜಿದ್ದರೆಂದರೆ ಮುಚ್ಚಳ ಇದೆಯೋ ಇಲ್ಲವೋ ಎಂದು ಬಂದವರು ಕೈಯಿಟ್ಟು ನೋಡುತ್ತಿದ್ದರು. ಗಾಳಿಗೆಂದು ಹಿಂಬದಿಯಲ್ಲಿ ಹೆಬ್ಬೆರಳು ತೂರುವಷ್ಟು ಎರಡು ತೂತು, ಅವಕ್ಕೂ ಸೊಳ್ಳೆಪರದೆಯ ತುಂಡು.

ಆಮೆಗೆ ಬೇಕಾದ ದೀಪವನ್ನು ಸಾಕುಪ್ರಾಣಿಗಳ ಅಂಗಡಿಯಿಂದ ತಂದಿದ್ದರು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಕೊಡುವ ಕೊಳವೆ ದೀಪ. ದೀಪ ಸರಿಯಾದದ್ದೇ. ಅದನ್ನು ಗಾಜಣ್ಣ ಪೆಟ್ಟಿಗೆಯ ಹೊರಗೆ, ಮುಚ್ಚಳದ ಮೇಲೆ, ಒಂದು ಚಂದದ ಕಂಬಿಗೆ ಕೂರಿಸಿದರು. ನೀರು ಚಿಮುಕಿಸುವ ಜಾಗದಲ್ಲಿ ವೈರು ಇರಬಾರದು ಎಂಬುದು ಅವರ ವಾದ. ಕೇಳಿದರೆ ಯಾರಾದರೂ ತಲೆದೂಗುವಂಥ ವಾದವೇ.

ಆ ಪೆಟ್ಟಿಗೆಯನ್ನು ನೋಡಿದವರು ತಮಗೂ ಬೇಕು ಎಂದರು. ಒಂದು ವರ್ಷದೊಳಗೆ ಗಾಜಣ್ಣ ಆಮೆ ಸಾಕುವ ಇನ್ನೂ ಐದು ಮನೆಗಳಿಗೆ ಅಂಥದ್ದೇ ಪೆಟ್ಟಿಗೆ ಮಾಡಿಕೊಟ್ಟರು. ಅಳತೆ ಹೆಚ್ಚು ಕಡಿಮೆ ಇದ್ದೀತು, ಮುಚ್ಚಳ ಮಾತ್ರ ಅದೇ ಗಾಜು.

ಆರು ತಿಂಗಳ ಹಿಂದೆ ಹೆಂಡತಿ ಒಂದು ಮಾತು ಹೇಳಿದ್ದರು. ಮೇಸ್ತ್ರಿಯ ಬೆನ್ನಿನ ಹಿಂಭಾಗ ಒತ್ತಿದರೆ ತಗ್ಗಿದ ಹಾಗಾಗುತ್ತದೆ ಎಂದು. ಗಾಜಣ್ಣ ತಾವೂ ಒತ್ತಿ ನೋಡಿ ನಕ್ಕಿದ್ದರು. ಎಳೆಮಗುವಿನ ನೆತ್ತಿಯೂ ಮೆತ್ತಗಿರುತ್ತದೆ, ಇದು ಐವತ್ತು ಅರವತ್ತು ವರ್ಷ ಬದುಕುವ ಜೀವ, ಇದಕ್ಕಿನ್ನೂ ಹಲ್ಲು ಬಂದಿಲ್ಲ ಎಂದಿದ್ದರು. ಆಮೆಗೆ ಹಲ್ಲೇ ಇರುವುದಿಲ್ಲ ಎಂದು ಹೆಂಡತಿ ಹೇಳಿದಾಗ ಇನ್ನಷ್ಟು ನಕ್ಕಿದ್ದರು. ಆ ಮಾತು ಅಲ್ಲಿಗೇ ಮುಗಿದಿತ್ತು.

ಎದುರು ಮನೆಯಲ್ಲಿರುವವರು ಪ್ರಾಣಿ ಆಸ್ಪತ್ರೆಯ ನರ್ಸ್. ಆ ಭಾನುವಾರ ಅವರಿಗೆ ಡ್ಯೂಟಿ ಇತ್ತು. ಏಳೂವರೆಗೆ ಹೊರಟು ನಿಂತಿದ್ದವರನ್ನು ಗಾಜಣ್ಣನ ಹೆಂಡತಿ ಮೆಟ್ಟಿಲಲ್ಲೇ ಹಿಡಿದು ಕರೆತಂದರು. ನರ್ಸ್ ಕೈ ತೊಳೆದುಕೊಂಡು ಬಂದು ಆಮೆಯನ್ನು ಎರಡೂ ಕೈಯಲ್ಲಿ ಎತ್ತಿದರು. ಬೆನ್ನಿನ ಹಿಂಭಾಗದ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಹಾಗೆ ಬಾಗಿತು.

"ಎಷ್ಟು ವಯಸ್ಸು ಅಕ್ಕ?"

"ಎರಡು ವರ್ಷ."

ಮೊಟ್ಟೆಯಿಂದ ಬಂದ ಹೊಸತರಲ್ಲಿ ಮರಿಯ ಚಿಪ್ಪು ಸ್ವಲ್ಪ ಮೆತ್ತಗಿರುವುದು ನಿಜ, ಆದರೆ ಎರಡು ವರ್ಷಕ್ಕೆ ಅದು ಗಟ್ಟಿಯಾಗಿರಲೇಬೇಕು ಎಂದು ನರ್ಸ್ ವಿವರಿಸಿದರು. ಆಮೇಲೆ ಒಂದೊಂದಾಗಿ ಕೇಳಿದರು. ತಿನ್ನಲು ಏನು ಕೊಡುತ್ತೀರಿ? ಹುಲ್ಲು, ಸೊಪ್ಪು, ದಾಸವಾಳದ ಎಲೆ. ಕ್ಯಾಲ್ಸಿಯಂ ಪುಡಿ? ವಾರಕ್ಕೆ ಎರಡು ಸಲ, ಸೊಪ್ಪಿನ ಮೇಲೆ ಉದುರಿಸಿ. ದೀಪ? ದಿನಕ್ಕೆ ಹನ್ನೆರಡು ಗಂಟೆ. ಕೊಳವೆ ಬದಲಿಸಿದ್ದೀರಾ? ಬದಲಿಸಿ ಐದು ತಿಂಗಳಾಯಿತು. ಎಲ್ಲ ಪ್ರಶ್ನೆಗೂ ಉತ್ತರ ಸರಿಯಾಗಿಯೇ ಇತ್ತು. ಗಾಜಣ್ಣ ಅಷ್ಟು ಹೊತ್ತಿಗೆ ಮುಖ ತೊಳೆದು ಬಂದು, ಪರೀಕ್ಷೆಯಲ್ಲಿ ಪಾಸಾದವರ ಹಾಗೆ ಕೈಕಟ್ಟಿ ನಿಂತಿದ್ದರು.

ನರ್ಸ್ ಆಗ ಪೆಟ್ಟಿಗೆಯ ಮೇಲೆ ನೋಡಿದರು.

"ಅಣ್ಣಾ, ದೀಪ ಯಾವಾಗ್ಲೂ ಈ ಗಾಜಿನ ಮೇಲೇನಾ ಇರೋದು?"

"ಮತ್ತೆ? ಒಂದು ಸೊಳ್ಳೆ ನುಸುಳಲ್ಲ, ಒಂದು ಚೂರು ಧೂಳು ಬೀಳಲ್ಲ. ಬೇಕಾದ್ರೆ ಸಂದಿಗೆ ಕೂದಲು ತೂರಿಸಿ ನೋಡಿ."

ನರ್ಸ್ ಮೊದಲು ಆಸ್ಪತ್ರೆಗೆ ಹೋಗೋಣ ಎಂದರು.

ಎಂಟೂ ಐವತ್ತಕ್ಕೆ ಎಕ್ಸ್‌ರೇ ಆಯಿತು. ವೈದ್ಯೆ ಅದೇ ವಯಸ್ಸಿನ, ಆರೋಗ್ಯವಾಗಿದ್ದ ಇನ್ನೊಂದು ಆಮೆಯ ಚಿತ್ರವನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ಅದರಲ್ಲಿ ಕಾಲಿನ ಮೂಳೆ ಬೆಳ್ಳಗೆ, ಸ್ಪಷ್ಟವಾಗಿ ಕಾಣುತ್ತಿತ್ತು. ಮೇಸ್ತ್ರಿಯದು ಪೆನ್ಸಿಲಿನಲ್ಲಿ ಬರೆದು ರಬ್ಬರಿನಿಂದ ಅಳಿಸಿದ ಹಾಗಿತ್ತು. ಊಟದಿಂದ ಕ್ಯಾಲ್ಸಿಯಂ ಸಿಗದಿದ್ದಾಗ ದೇಹ ತನ್ನದೇ ಮೂಳೆಯಿಂದ ಅದನ್ನು ತೆಗೆದುಕೊಳ್ಳುತ್ತದೆ, ಚಿಪ್ಪೂ ಮೂಳೆಯೇ ಎಂದು ವೈದ್ಯೆ ಹೇಳಿದರು. ಬದುಕುತ್ತದೆಯೇ ಎಂದು ಗಾಜಣ್ಣನ ಹೆಂಡತಿ ಕೇಳಿದರು. ಬದುಕಬಹುದು, ಈಗಲೇ ಮಾತು ಕೊಡಲಾರೆ ಎಂಬ ಉತ್ತರ ಬಂತು. ಆಮೆಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು.

ಸಂಜೆ ಐದಕ್ಕೆ ನರ್ಸ್ ಮನೆಗೆ ಬಂದಾಗ ಅವರ ಕೈಯಲ್ಲಿ ಟಿವಿ ರಿಮೋಟಿನಷ್ಟು ದೊಡ್ಡ ಒಂದು ಮೀಟರ್ ಇತ್ತು. ಕಣ್ಣಿಗೆ ಕಾಣದ ಆ ಕಿರಣ ಎಷ್ಟಿದೆ ಎಂದು ಅಳೆಯುವ ಸಾಧನ. ಅವರು ಹೇಳಿದ್ದು ಇಷ್ಟು: ಈ ದೀಪದಿಂದ ನಮಗೆ ಕಾಣುವ ಬೆಳಕೂ ಬರುತ್ತದೆ, ಕಾಣದ ಕಿರಣವೂ ಬರುತ್ತದೆ. ಆಮೆಗೆ ಬೇಕಾದದ್ದು ಕಾಣದ್ದು. ಅದು ಮೈಮೇಲೆ ಬಿದ್ದರೆ ಮಾತ್ರ ವಿಟಮಿನ್ ಡಿ ತಯಾರಾಗುತ್ತದೆ. ಆ ವಿಟಮಿನ್ ಇಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೂ ಅದು ಮೈಗೆ ಹತ್ತುವುದಿಲ್ಲ, ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕಾಣುವ ಬೆಳಕು ಗಾಜನ್ನು ದಾಟುತ್ತದೆ. ಈ ಕಿರಣ ದಾಟುವುದಿಲ್ಲ.

"ಗಾಜು ಬೆಳಕನ್ನ ತಡೆಯಲ್ಲ ಸಿಸ್ಟರ್. ತಡೆದ್ರೆ ನಾನು ಇಪ್ಪತ್ತಾರು ವರ್ಷ ಗೋಡೆ ಮಾರಿದ ಹಾಗಾಯ್ತು."

"ಅದಕ್ಕೇ ಮೀಟರ್ ತಂದಿದ್ದು ಅಣ್ಣ. ನನ್ ಮಾತು ನಂಬಬೇಡಿ."

ದೀಪ ಹಚ್ಚಿದರು. ಮುಚ್ಚಳ ಮುಚ್ಚಿದಂತೆಯೇ ಇತ್ತು. ನರ್ಸ್ ಪಕ್ಕದ ಸಣ್ಣ ಬಾಗಿಲಿನಿಂದ ಕೈ ಹಾಕಿ, ಆಮೆಯ ಬೆನ್ನು ಬರುವ ಎತ್ತರದಲ್ಲಿ ಮೀಟರ್ ಹಿಡಿದರು. 0.0 ಎಂದು ತೋರಿಸಿತು. ಮೀಟರ್ ಕೆಟ್ಟಿರಬೇಕು ಎಂದರು ಗಾಜಣ್ಣ. ಹಾಗಾದರೆ ಮುಚ್ಚಳ ತೆಗೆಯಿರಿ ಎಂದರು ನರ್ಸ್. ತೆಗೆದರು. 2.9. ಮುಚ್ಚಿದರು. 0.0. ಇನ್ನೊಮ್ಮೆ ತೆಗೆದು ಮುಚ್ಚಿದರು. ಅಂಕಿ ಹಾಗೆಯೇ ಏರಿತು, ಹಾಗೆಯೇ ಇಳಿಯಿತು.

ಗಾಜಣ್ಣ ಅಂಗಡಿಗೆ ಇಳಿದು ಎಂಟು ಮಿಲಿಮೀಟರಿನ ತುಂಡೊಂದನ್ನು ತಂದರು. ಸೊನ್ನೆ. ಐದರದು ತಂದರು. ಸೊನ್ನೆ. ನಾಲ್ಕರದೂ ಸೊನ್ನೆ. ಕೊನೆಗೆ ಫೋಟೋ ಚೌಕಟ್ಟಿಗೆ ಹಾಕುವ, ಎರಡು ಮಿಲಿಮೀಟರಿನ ತೆಳುಗಾಜು ತಂದು ತಾವೇ ದೀಪದ ಕೆಳಗೆ ಹಿಡಿದರು. 0.1 ಬಂತು. ಅವರು ಮತ್ತೆ ಮೆಟ್ಟಿಲಿಳಿಯಲಿಲ್ಲ.

ಗೊತ್ತಿಲ್ಲದೆ ಆಗಿದ್ದರೆ ಅವರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಹತ್ತು ವರ್ಷಗಳಿಂದ ಬಟ್ಟೆ ಅಂಗಡಿಯವರಿಗೆ, ಪುಸ್ತಕದ ಅಂಗಡಿಯವರಿಗೆ ಇದೇ ಲ್ಯಾಮಿನೇಟೆಡ್ ಗಾಜನ್ನು ಮಾರುವಾಗ ಅವರು ಬಾಯಿಪಾಠದಂತೆ ಒಂದು ಮಾತು ಹೇಳುತ್ತ ಬಂದಿದ್ದರು: ಇದನ್ನ ಹಾಕ್ಸಿ, ಬಿಸಿಲಿಗೆ ನಿಮ್ಮ ಮಾಲಿನ ಬಣ್ಣ ಹೋಗಲ್ಲ, ಅತಿನೇರಳೆ ಕಿರಣ ಇದು ಒಳಗೇ ಬಿಡಲ್ಲ. ಸೀರೆ, ಪರದೆ, ಪುಸ್ತಕದ ರಟ್ಟು, ಇವುಗಳ ವಿಷಯದಲ್ಲಿ ತಿಳಿದಿದ್ದ ಸಂಗತಿ ತಮ್ಮ ಮನೆಯ ಪೆಟ್ಟಿಗೆಗೂ ಅನ್ವಯಿಸುತ್ತದೆ ಎಂದು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ದೀಪದ ಪೊಟ್ಟಣದ ಮೇಲೆ ಗಾಜು ಅಡ್ಡ ಇರಬಾರದು ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಪೊಟ್ಟಣ ಕಪಾಟಿನಲ್ಲೇ ಇತ್ತು. ಆ ಸಂಜೆ ಅದನ್ನು ತೆಗೆದು ಓದಿದರು.

ನರ್ಸ್ ಇನ್ನೊಂದು ವಿಷಯವನ್ನೂ ಹೇಳಿದರು. ಆಮೆಗೆ ಗಾಜು ಎಂದರೆ ಏನೆಂದು ತಿಳಿಯುವುದಿಲ್ಲ. ಮುಂದೆ ಜಾಗ ಕಾಣುತ್ತದೆ, ಹೋಗಲು ಆಗುವುದಿಲ್ಲ. ಅದಕ್ಕೇ ಅದು ದಿನವಿಡೀ ಗೋಡೆಗೆ ಮೈ ತೀಡಿಕೊಂಡು ತಿರುಗುವುದು, ಮೂಲೆಯಲ್ಲಿ ಕತ್ತೆತ್ತಿ ನಿಲ್ಲುವುದು. ಹೊರಗಿನಿಂದ ಅರ್ಧ ಎತ್ತರದವರೆಗೆ ಬಣ್ಣದ ಕಾಗದ ಅಂಟಿಸಿದರೆ ಅದು ಸುಮ್ಮನಾಗುತ್ತದೆ. ಮೇಸ್ತ್ರಿ ಎಂದು ಹೆಸರಿಟ್ಟು ಹದಿನಾರು ತಿಂಗಳು ನಕ್ಕಿದ್ದ ಮೂವರೂ ಈಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ತಾಯಿ ಕೇಳಿದರು. "ಹಾಗಾದ್ರೆ ನನ್ ಬಾಲ್ಕನಿ?"

ಅವರ ಮೂಳೆಯೂ ಸವೆದಿತ್ತು. ದಿನಾ ಸ್ವಲ್ಪ ಹೊತ್ತು ಬಿಸಿಲಿಗೆ ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಗಾಳಿಗೆ ನೆಗಡಿಯಾಗುತ್ತದೆ ಎಂದು ಮಗ ಬಾಲ್ಕನಿಗೆ ಪೂರ್ತಿ ಗಾಜು ಹಾಕಿ, ಒಳಗೆ ಕುರ್ಚಿ ಇಟ್ಟುಕೊಟ್ಟಿದ್ದರು. ಗಾಜು ಸರಿಸಿ ಕೂತರೇನೇ ಉಪಯೋಗ ಎಂದರು ನರ್ಸ್.

"ನೋಡು, ನನ್ನನ್ನೂ ಪೆಟ್ಟಿಗೇಲೇ ಇಟ್ಟಿದಾನೆ," ಎಂದರು ತಾಯಿ. "ಸೊಪ್ಪು ಮಾತ್ರ ಹೆಚ್ಚಿ ಹಾಕ್ತಿಲ್ಲ."

ಹೆಂಡತಿ ಮುಚ್ಚಳವನ್ನು ಗೋಡೆಗೆ ಒರಗಿಸಿಟ್ಟರು.

"ಆವತ್ತೇ ಹೇಳಿದ್ದೆ ಅಂತ ನಾನು ಹೇಳಲ್ಲ," ಎಂದರು. "ನನಗೂ ಕಾರಣ ಗೊತ್ತಿರ್ಲಿಲ್ಲ. ಆದ್ರೆ ಆವತ್ತು ನೀವು ನಕ್ಕಿದ್ರಿ. ನಗದೇ ಹೋಗಿದ್ರೆ ನಾನು ಇನ್ನೊಬ್ರನ್ನ ಕೇಳ್ತಿದ್ದೆ."

ಆ ಸಂಜೆಯೇ ಗಾಜಣ್ಣ ಪೆಟ್ಟಿಗೆಯನ್ನು ಸರಿಮಾಡಿದರು. ಗಾಜಿನ ಮುಚ್ಚಳದ ಬದಲು ಅಗಲ ಕಣ್ಣಿನ ಉಕ್ಕಿನ ಜಾಲರಿ. ಜಾಲರಿಯೂ ಕಿರಣವನ್ನು ಒಂದಿಷ್ಟು ತಡೆಯುತ್ತದೆಂದು ದೀಪವನ್ನು ಅದರ ಒಳಬದಿಗೆ, ಪೊಟ್ಟಣದಲ್ಲಿ ಹೇಳಿದ ಅಂತರಕ್ಕೆ, ನೀರು ತಾಗದ ಹಿಡಿಕೆಯಲ್ಲಿ ತೂಗುಹಾಕಿದರು. ವೈರನ್ನು ಗೋಡೆಯಂಚಿನಿಂದ ತಂದರು. ಕೆಲಸ ಮುಗಿಯಲು ಎರಡು ಗಂಟೆ ಹಿಡಿಯಿತು. ಮೊದಲೇ ಹೀಗೆ ಮಾಡಿದ್ದರೂ ಎರಡೇ ಗಂಟೆ ಹಿಡಿಯುತ್ತಿತ್ತು.

ಉಳಿದ ಐದು ಮನೆಗಳ ಮಾತು ಎತ್ತಿದ್ದು ಹೆಂಡತಿ. ಗಾಜಣ್ಣ ಆಗಲೇ ಯೋಚಿಸಿಟ್ಟಿದ್ದರು. ಹೊಸ ಮಾದರಿ ಮುಚ್ಚಳ ಬಂದಿದೆ ಎಂದು ಹೇಳಿ ಆಮೆ ಇರುವ ಕಡೆಯೆಲ್ಲ ಬದಲಿಸಿ ಬರುತ್ತೇನೆ ಎಂದರು.

"ಹೊಸ ಮಾದರಿ ಅಂತ ಯಾಕೆ?"

"ಕೆಲಸ ಆದ್ರೆ ಸಾಲದಾ? ಆಮೆಗೆ ಬೇಕಾದ್ದು ಆಮೆಗೆ ಸಿಗತ್ತೆ. ನನ್ ಮರ್ಯಾದೆ ನನಗೆ ಉಳಿಯತ್ತೆ."

ಸೋಮವಾರ ಜಾಲರಿ ಕತ್ತರಿಸಿಕೊಂಡು ಹೊರಟರು. ಮೊದಲ ಎರಡು ಮನೆಗಳಲ್ಲಿ ಅಡ್ಡಿಯಾಗಲಿಲ್ಲ. ಹೊಸ ಮಾದರಿ ಎಂದಾಗ ಅವರು ಸಂತೋಷಪಟ್ಟು, ಥ್ಯಾಂಕ್ಸ್ ಕೂಡ ಹೇಳಿದರು. ಗಾಜಣ್ಣ ತಲೆ ತಗ್ಗಿಸಿಕೊಂಡೇ ತಿರುಪು ಬಿಗಿದರು.

ಮೂರನೆಯದು ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರ್ ಮನೆ. ಎರಡನೇ ಮಹಡಿ. ಅವರು ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. ಇದು ತಮಗೆ ಬೇಡ, ಧೂಳು ಬೀಳುತ್ತದೆ, ಹಳೆಯ ಗಾಜೇ ಚೆನ್ನಾಗಿದೆ, ಬಂದವರಿಗೆಲ್ಲ ತೋರಿಸಿ ನಿಮ್ಮ ಹೆಸರು ಹೇಳಿದ್ದೇನೆ ಎಂದರು. ಗಾಜಣ್ಣ ಗಾಳಿಯ ಮಾತಾಡಿದರು, ಸೆಕೆಯ ಮಾತಾಡಿದರು. ಅವರು ಜಗ್ಗಲಿಲ್ಲ. ಹೊಸದೆಲ್ಲ ಒಳ್ಳೆಯದಲ್ಲ ಎಂದು ನಗುತ್ತ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಅವರ ಹಿಂದೆ ಪೆಟ್ಟಿಗೆಯಲ್ಲಿ ಆಮೆ ಹೂಕುಂಡದ ಪಕ್ಕ ಹೊಟ್ಟೆ ಊರಿ ಮಲಗಿತ್ತು. ಮೇಲೆ ದೀಪ ಝಗಝಗ ಉರಿಯುತ್ತಿತ್ತು.

ಗಾಜಣ್ಣ ಜಾಲರಿ ಹಿಡಿದು ಒಂದು ಮಹಡಿ ಇಳಿದರು. ಅಲ್ಲಿ ನಿಂತರು. ಕಾರಣ ಹೇಳದೆ ಇದ್ದುದರಿಂದ ಆ ಮನುಷ್ಯ ಗಾಜನ್ನು ಉಳಿಸಿಕೊಂಡಿದ್ದರು. ಇನ್ನು ಆ ಎರಡು ಮನೆಗಳಲ್ಲಿ ಮುಚ್ಚಳ ಬದಲಾಯಿತು ನಿಜ, ಆದರೆ ಒಳಗಿನ ಆಮೆಯನ್ನು ಡಾಕ್ಟರಿಗೆ ತೋರಿಸಬೇಕು ಎಂದು ಆ ಮನೆಯವರಿಗೆ ತಿಳಿಯುವುದು ಹೇಗೆ? ಮರ್ಯಾದೆ ಉಳಿಯಿತು ಎಂದುಕೊಂಡದ್ದು ಎಲ್ಲಿ ಉಳಿದಿದೆ ಎಂದು ಅವರಿಗೆ ಈಗ ಸರಿಯಾಗಿ ಕಂಡಿತು. ಅದು ಮೂರು ಆಮೆಗಳ ಮೆತ್ತನೆಯ ಬೆನ್ನಿನ ಮೇಲೆ ನಿಂತಿತ್ತು.

ಮತ್ತೆ ಮೇಲೆ ಹತ್ತಿ ಬಾಗಿಲು ತಟ್ಟಿದರು.

"ಸಾರ್, ಹೊಸ ಮಾದರಿ ಅಂದಿದ್ದು ಸುಳ್ಳು. ನಾನು ಹಾಕಿಕೊಟ್ಟ ಗಾಜಿಂದ ಆಮೆಗೆ ಬೇಕಾದ ಕಿರಣ ಒಳಗೆ ಹೋಗ್ತಿಲ್ಲ. ನಮ್ಮನೇದು ಆಸ್ಪತ್ರೇಲಿದೆ. ನಿಮ್ಮದನ್ನ ಇವತ್ತೇ ತೋರಿಸಿ. ತಪ್ಪು ನನ್ನದು."

ಸ್ಟೇಷನ್ ಮಾಸ್ಟರ್ ಕನ್ನಡಕ ತೆಗೆದರು. ಬೈಯುತ್ತಾರೆಂದು ಗಾಜಣ್ಣ ಕಾದರು. ಅವರು ಬೈಯಲಿಲ್ಲ.

"ನಮ್ಮ ಸರ್ವೀಸಲ್ಲಿ ಸಿಗ್ನಲ್ ತಪ್ಪು ತೋರಿಸಿದ್ರೆ, ಅದನ್ನ ಹೊಸ ಬಣ್ಣ ಅಂತ ಹೇಳ್ತಿರ್ಲಿಲ್ಲಪ್ಪ ನಾವು," ಎಂದರು. "ಬಿಚ್ಚು ಆ ಗಾಜನ್ನ."

ಅಲ್ಲಿಂದ ಗಾಜಣ್ಣ ಮೊದಲ ಎರಡು ಮನೆಗಳಿಗೆ ವಾಪಸ್ ಹೋಗಿ, ಬೆಳಿಗ್ಗೆ ಹೇಳದೆ ಬಂದದ್ದನ್ನು ಹೇಳಿದರು. ನಾಲ್ಕನೆಯ ಮನೆಯಲ್ಲಿ ಬಾಗಿಲು ತೆರೆದ ಕೂಡಲೇ ಹೇಳಿದರು. ಒಂದು ಮನೆಯಲ್ಲಿ ಜೋರು ಮಾತು ಕೇಳಬೇಕಾಯಿತು. ಇನ್ನೊಂದರಲ್ಲಿ ಕೂರಲು ಹೇಳಲಿಲ್ಲ. ಎಲ್ಲರೂ ಅದೇ ವಾರ ಆಮೆಯನ್ನು ಆಸ್ಪತ್ರೆಗೆ ಒಯ್ದರು.

ಐದನೆಯ ಮನೆ ದರ್ಜಿಯದು, ಮುಂಭಾಗದಲ್ಲೇ ಅಂಗಡಿ. ಅಲ್ಲಿಗೆ ಹೋಗಲು ಗಾಜಣ್ಣ ಗುರುವಾರದವರೆಗೆ ಕಾಲ ತಳ್ಳಿದರು. ಅಲ್ಲಿ ಬದಲಿಸಲು ಏನೂ ಇರಲಿಲ್ಲ. ದರ್ಜಿಯ ಮನೆಯ ಆಮೆ ಐದು ವಾರದ ಹಿಂದೆಯೇ ಸತ್ತುಹೋಗಿತ್ತು.

ಸಾಯುವ ಹಿಂದಿನ ವಾರ ದರ್ಜಿಯ ಹೆಂಡತಿ ಅದಕ್ಕೆ ಒಂದು ಚೂರು ಬ್ರೆಡ್ ಕೊಟ್ಟಿದ್ದರು. ಸೊಪ್ಪು ಮುಟ್ಟದೆ ಇದ್ದ ಜೀವ ಇದನ್ನಾದರೂ ತಿಂದೀತೇನೋ ಎಂದು. ಅವಳೇ ಬ್ರೆಡ್ ತಿನ್ನಿಸಿ ಕೊಂದಳು ಎಂದು ದರ್ಜಿ ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಹೀಗೆ ಹೇಳುವಾಗ ಒಂದು ಸಲ ಗಾಜಣ್ಣ ಅಲ್ಲೇ ನಿಂತಿದ್ದರು. ಪ್ಯಾಂಟಿನ ಅಳತೆ ಕೊಡಲು ಹೋಗಿದ್ದರು. ಹೂಂ, ಬ್ರೆಡ್ ಕೊಡಬಾರದಿತ್ತು ಎಂದು ತಾವೂ ಒಂದು ಮಾತು ಸೇರಿಸಿದ್ದರು. ದರ್ಜಿಯ ಹೆಂಡತಿ ಗುಂಡಿ ಹೊಲಿಯುತ್ತ ಕೂತಿದ್ದರು. ತಲೆ ಎತ್ತಿರಲಿಲ್ಲ.

ಗುರುವಾರ ಬಾಗಿಲು ತೆರೆದದ್ದು ಅವರೇ. ದರ್ಜಿ ಮಿಷನ್ ಮುಂದೆ ಕೂತಿದ್ದರು. ಖಾಲಿ ಪೆಟ್ಟಿಗೆಯನ್ನು ಗೋಡೆ ಪಕ್ಕ ಸರಿಸಿ, ಅದರೊಳಗೆ ಕತ್ತರಿಸಿದ ಬಟ್ಟೆಯ ಚೂರುಗಳನ್ನು ತುಂಬಿಟ್ಟಿದ್ದರು. ಕೂರಿ ಎಂದರೂ ಗಾಜಣ್ಣ ಕೂರಲಿಲ್ಲ. ಆಮೆ ಕೊನೆಕೊನೆಗೆ ಹೇಗಿತ್ತು ಎಂದು ಕೇಳಿದರು. ಕಾಲು ಎಳೆಯುತ್ತಿತ್ತು, ಬೆನ್ನು ಮೆತ್ತಗಾಗಿತ್ತು, ಬಾಯಿ ಸರಿಯಾಗಿ ಮುಚ್ಚುತ್ತಿರಲಿಲ್ಲ ಎಂದು ದರ್ಜಿಯ ಹೆಂಡತಿ ಹೇಳಿದರು. ಆಮೆ ಹೇಗಿತ್ತು ಎಂದು ಅದುವರೆಗೆ ಅವರನ್ನು ಯಾರೂ ಕೇಳಿರಲಿಲ್ಲ.

"ಅದು ಬ್ರೆಡ್ಡಿಂದ ಸತ್ತಿದ್ದಲ್ಲ," ಎಂದರು ಗಾಜಣ್ಣ. "ಸತ್ತ ಮೇಲೆ ಖಚಿತವಾಗಿ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ಆದ್ರೆ ಒಂದ್ ಚೂರು ಬ್ರೆಡ್ ತಿಂದ್ರೆ ಚಿಪ್ಪು ಮೆತ್ತಗಾಗಲ್ಲ. ತಿಂಗಳುಗಟ್ಟಲೆ ಕಿರಣ ಸಿಗದೇ ಹೋದ್ರೆ ಆಗತ್ತೆ. ಸಿಗದ ಹಾಗೆ ಮಾಡಿದ್ದು ನನ್ನ ಗಾಜು."

ದರ್ಜಿಯ ಹೆಂಡತಿ ಗಂಡನ ಕಡೆ ತಿರುಗಿದರು.

"ಕೇಳಿಸ್ತಾ?"

ದರ್ಜಿ ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದರು. ಒಂದು ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡರು, ಆದರೆ ಪೋಣಿಸಲಿಲ್ಲ. ಕೇಳಿಸಿತು ಎಂದರು, ತೀರಾ ಮೆಲ್ಲಗೆ.

ಆಮೇಲೆ ಆಕೆ ಗಾಜಣ್ಣನನ್ನು ನೋಡಿದರು. "ಆವತ್ತು ನೀವೂ ಅಲ್ಲೇ ಇದ್ರಿ. ಹೂಂ ಅಂದ್ರಿ."

"ಅಂದೆ."

"ಐದು ವಾರ ನಾನು ಬ್ರೆಡ್ ಮುಟ್ಟಿಲ್ಲ," ಎಂದರು ಆಕೆ. "ಅಂಗಡಿಗೆ ಬಂದೋರ ಮುಖ ನೋಡಿಲ್ಲ. ಈ ಪೆಟ್ಟಿಗೆ ತಗೊಂಡು ಹೋಗಿ."

ಅವರು ಬಟ್ಟೆಯ ಚೂರುಗಳನ್ನು ಹೊರಗೆ ಸುರಿದುಕೊಟ್ಟರು. ಗಾಜಣ್ಣ ಪೆಟ್ಟಿಗೆಯನ್ನು ತಬ್ಬಿ ಹಿಡಿದು ಒಬ್ಬರೇ ಬೀದಿಯಲ್ಲಿ ನಡೆದು ಬಂದರು. ನಾಲ್ಕಡಿ ಉದ್ದದ ಗಾಜಿನ ಪೆಟ್ಟಿಗೆಯ ಹಿಂದೆ ಮುಖ ಮರೆಸಿಕೊಳ್ಳಲು ಆಗುವುದಿಲ್ಲ. ಎದುರು ಬಂದವರೆಲ್ಲ ಯಾರ ಮನೆಯಿಂದ ಎಂದು ಕೇಳಿದರು. ಅವರು ಪ್ರತಿಯೊಬ್ಬರಿಗೂ ಹೇಳಿದರು.

ಮೇಸ್ತ್ರಿ ಹತ್ತನೆಯ ದಿನ ಮನೆಗೆ ಬಂತು. ಹನ್ನೊಂದನೆಯ ವಾರ ಹೊಟ್ಟೆಯನ್ನು ನೆಲದಿಂದ ಮೇಲೆತ್ತಿ ನಡೆಯಿತು. ಬೆನ್ನಿನ ಹಿಂಭಾಗದಲ್ಲಿ ಬಿದ್ದ ತಗ್ಗು ಇನ್ನು ತುಂಬುವುದಿಲ್ಲ, ಬದುಕಿರುವವರೆಗೂ ಹಾಗೇ ಇರುತ್ತದೆ ಎಂದು ವೈದ್ಯೆ ಹೇಳಿದ್ದಾರೆ. ಉಳಿದ ನಾಲ್ಕರಲ್ಲಿ ಮೂರಕ್ಕೆ ಅದೇ ತೊಂದರೆಯ ಆರಂಭ ಕಂಡುಬಂತು, ಮೂರೂ ಚೇತರಿಸಿಕೊಂಡವು. ಒಂದರ ಮೂಳೆ ಗಟ್ಟಿಯಾಗಿಯೇ ಇತ್ತು. ಆ ಮನೆಯವರು ಮುಚ್ಚಳವನ್ನು ಹಾಕುವುದನ್ನೇ ಮರೆಯುತ್ತಿದ್ದರಂತೆ.

ನಿಮ್ಮ ಮನೆಯಲ್ಲಿ ಆಮೆ ಇದ್ದರೆ, ಈ ಹಾಳೆಯನ್ನು ಕೆಳಗಿಟ್ಟು ಈಗಲೇ ಎದ್ದು ಹೋಗಿ ನೋಡಿ. ದೀಪಕ್ಕೂ ಆಮೆಗೂ ನಡುವೆ ಗಾಜಾಗಲಿ ಪ್ಲಾಸ್ಟಿಕ್ ಹಾಳೆಯಾಗಲಿ ಇದ್ದರೆ ತೆಗೆದುಬಿಡಿ. ಕಿಟಕಿಯ ಗಾಜಿನ ಹಿಂದೆ ಬೀಳುವ ಬಿಸಿಲನ್ನು ಬಿಸಿಲೆಂದು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿ ಕಾವು ಮಾತ್ರ ಇರುತ್ತದೆ, ಗಾಜಿನ ಪೆಟ್ಟಿಗೆಯಾದರೆ ಒಳಗಿನ ಜೀವ ಬೆಂದುಹೋಗುವಷ್ಟು ಇರುತ್ತದೆ. ಕೊಳವೆ ದೀಪ ಉರಿಯುತ್ತಲೇ ಇದ್ದರೂ ಅದರ ಕಿರಣ ಕಾಲಕ್ರಮದಲ್ಲಿ ತಗ್ಗುತ್ತದೆ, ಆದ್ದರಿಂದ ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳಿಗೆ, ಹೊಸದು ಹಾಕಿ. ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿ ಇರಲಿ, ಗಾಳಿಯಾಡಲಿ. ಆಮೆಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಅದರ ಮೈಮೇಲೆ ಮನುಷ್ಯರಿಗೆ ಭೇದಿ ತರುವ ರೋಗಾಣು ಇರಬಹುದು.

ಇನ್ನೂ ತಂದಿಲ್ಲ, ತರಬೇಕೆಂದಿದ್ದೀರಿ ಎಂದಾದರೆ ಮೊದಲು ವನ್ಯಜೀವಿ ಇಲಾಖೆಯನ್ನು ಕೇಳಿ. ಆಮೆಯ ಎಷ್ಟೋ ಜಾತಿಗಳನ್ನು ಮನೆಯಲ್ಲಿಡುವುದು ಅಪರಾಧ. ಕಾಗದಪತ್ರವಿಲ್ಲದೆ ಮಾರುವವರಿಂದ ಕೊಂಡರೆ ಕಾಡಿನಿಂದ ಕದ್ದವರಿಗೆ ಕೈ ಜೋಡಿಸಿದ ಹಾಗೆ. ಅದು ನಿಮಗಿಂತ ಹೆಚ್ಚು ವರ್ಷ ಬದುಕಬಹುದು ಎಂಬುದನ್ನೂ ಯೋಚಿಸಿ. ಸಾಕಲು ಆಗದಿದ್ದರೆ ಹೊರಗೆ ಬಿಟ್ಟುಬಿಡಬೇಡಿ, ಇಲಾಖೆಗೆ ಒಪ್ಪಿಸಿ.

ಮನೆಯಲ್ಲಿ ಯಾರಾದರೂ ಇದರ ಬೆನ್ನು ಮೆತ್ತಗಿದೆ ಎಂದರೆ ನಗಬೇಡಿ. ಪ್ರಾಣಿ ವೈದ್ಯರಿಗೆ ತೋರಿಸಿ. ತಪ್ಪು ನಿಮ್ಮದೇ ಎಂದು ತಿಳಿದರೆ ಆ ಮಾತನ್ನು ಅದೇ ದಿನ ಹೇಳಿ. ಹೇಳಲು ತಡವಾದಷ್ಟೂ ಇನ್ನೊಬ್ಬರು ಅದನ್ನು ತಮ್ಮ ತಲೆಯ ಮೇಲೆ ಹೊತ್ತಿರುತ್ತಾರೆ.

ಗಾಜಣ್ಣ ಆ ಪೆಟ್ಟಿಗೆ ಹೊತ್ತು ತಂದ ಮುಂದಿನ ತಿಂಗಳು ದರ್ಜಿಯ ಅಂಗಡಿಯ ಮುಂಭಾಗದ ಗಾಜು ಒಡೆಯಿತು. ಹೊಸದನ್ನು ಕೂರಿಸಲು ಅವರು ಬೇರೆ ಬೀದಿಯಿಂದ ಬೇರೊಬ್ಬರನ್ನು ಕರೆಸಿದರು.